ದೋಣಿಯಲ್ಲಿ ಕಟ್ಟಿದ ಜೋಳಿಗೆ

ದೋಹಾ, ಶನಿವಾರ

ಅವ್ವಾ, ನಿನ್ನ ಪಾದಕ್ಕೆ ಶರಣು.

ನಿದ್ದೆಗೇಡಿ ಕೂಸನ್ನು ಕರೆದುಕೊಂಡು ಊರಿಗೇ ಬಂದುಬಿಡು ಎಂದಿದ್ದೆಯಲ್ಲ, ಇನ್ನು ಆ ಚಿಂತೆ ಬಿಡು. ನಿನ್ನೆ ಶುಕ್ರವಾರದ ರಜೆ. ಎದುರಿನ ನಡುಗಡ್ಡೆಗೆ ಕಟ್ಟಿಗೆಯ ದೋಣಿಯಲ್ಲಿ ಹೊರಟಿದ್ದೆವು. ಕೂಸು ಎಂದಿನಂತೆ ಅಳುತ್ತಿತ್ತು. ದೋಣಿಯ ಚಪ್ಪರದಲ್ಲಿ ಒಂದು ಅಡ್ಡತೊಲೆ ಕಂಡಿತು. ಚೀಲದಲ್ಲಿದ್ದ ಸೀರೆ ತೆಗೆದು ಕೂಸನ್ನು ತೂಗಲು ಜೋಳಿಗೆ ಕಟ್ಟಿಯೇಬಿಟ್ಟೆ.

“ಏ, ಮಂದಿ ನೋಡ್ತಾರ!” ಎಂದರು ನಿನ್ನ ಅಳಿಯ.

“ನೋಡ್ಲಿ ಬಿಡ್ರಿ” ಎಂದೆ.

ಸಮುದ್ರವೇ ತೂಗಿತು, ಕೂಸು ಕಣ್ಣು ಮುಚ್ಚಿತು. ಆಮೇಲೆ ಅದೇ ದೋಣಿಯಲ್ಲಿ ಹಾಡುತ್ತಿದ್ದ ಮಲಯಾಳಿಗಳನ್ನು “ಶ್, ನಮ್ಮ ಕೂಸು ಮಲಗೇತಿ” ಎಂದು ಕನ್ನಡದಲ್ಲೇ ಗದರಿದವರೂ ಇವರೇ! ಕೂಸು ಏಳದಿರಲಿ ಎಂದು ದೋಣಿಯವ ನಗುತ್ತ ಇನ್ನೊಂದು ಸುತ್ತು ಹಾಕಿದ. ನಡುಗಡ್ಡೆ ಹೇಗಿತ್ತೋ ನನಗೆ ಗೊತ್ತಿಲ್ಲ, ಜೋಳಿಗೆಯ ಪಕ್ಕದಲ್ಲಿ ನಾನೂ ಮಲಗಿಬಿಟ್ಟಿದ್ದೆ.

ಜೋಳಿಗೆಗೆಂದು ನಮ್ಮ ಮನೆಯ ಛಾವಣಿಗೆ ಕೊಂಡಿ ಹಾಕಲು ಮಾಲೀಕ ಒಪ್ಪಿದ್ದಾನೆ. ಕೂಸು ಆರಾಮ, ನನಗೂ ಹಸಿವು ಬಂದಿದೆ. ಆದರೆ ನನ್ನ ನೈಲಾನ್ ಸೀರೆಯ ಗಂಟು ಜಾರುತ್ತದೆ. ಇತ್ತ ಬರುವವರ ಕೈಯಲ್ಲಿ ನಿನ್ನದೊಂದು ಹಳೆಯ ಇಳಕಲ್ ಸೀರೆ ಕಳಿಸು. ಒಗೆಯಬೇಡ, ಉಟ್ಟು ಬಿಟ್ಟದ್ದನ್ನೇ ಕಳಿಸು.

ಕಸ್ತೂರಿ