ಕಪ್ಪು ಲೋಟದಲ್ಲಿ ಸೀದ ವಾಸನೆ

ಮಾರ್ಚ್ ೪, ಬೆಳಗ್ಗೆ

ಕಾಫಿ ಇಲ್ಲ, ಪೌಡರ್ ಇಲ್ಲ, ಪರಿಮಳದ ಸೋಪಿಲ್ಲ — ಬೀರು ಕಾರ್ಖಾನೆಯಲ್ಲಿ ರುಚಿ ನೋಡುವ ದಿನದ ಪಥ್ಯ. ಇವತ್ತು ತಾತನ ಹೊಸ ಬೀರು. ತಾತ ಅಂದರೆ ನಮ್ಮ ಬ್ರೂವರ್, ಬೀರು ತಯಾರಿಸುವವನು. ವಯಸ್ಸು ಮೂವತ್ತೈದೇ, ತಲೆ ಪೂರಾ ಬೆಳ್ಳಗೆ. ಜರ್ಮನ್ ಶೈಲಿಯ ಡಾರ್ಕ್ ಲಾಗರ್, ಕಪ್ಪು ಬೀರು. ತಣ್ಣಗಿನ ಟ್ಯಾಂಕಿನಲ್ಲಿ ವಾರಗಟ್ಟಲೆ ಮಲಗಿಸಿ, ಹಸುಗೂಸಿನ ಹಾಗೆ ಕಾದಿದ್ದಾನೆ.

ಕಡು ಕಂದು, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೆಂಪು. ಬ್ರೆಡ್ಡಿನ ಸಿಪ್ಪೆ, ಚೂರು ಕೋಕೋ — ಇಷ್ಟು ಬರಬೇಕು. ನನಗೆ ಬಂದದ್ದು ಸೀದ ವಾಸನೆ. ತಳ ಹತ್ತಿದ ಪಾತ್ರೆಯದ್ದು.

ತಾತ, ಮ್ಯಾನೇಜರ್, ಲ್ಯಾಬಿನ ಹುಡುಗಿ — ಉಳಿದವರ ಮುಖದಲ್ಲಿ ಏನೂ ಇಲ್ಲ. "ನೆಗಡಿ, ಇನ್ನೊಂದು ದಿನ ನೋಡ್ತೀನಿ" ಅಂದು ಎದ್ದೆ.

ನೆಗಡಿ ಇಲ್ಲ.

ಮಾರ್ಚ್ ೫

ಅಕ್ಕನಿಗೂ ಹೀಗೇ ಶುರುವಾದದ್ದು. ಒಲೆ ಆರಿಸಿದ್ದರೂ "ಏನೋ ಸೀದಿದೆ, ನೋಡೇ" ಅನ್ನುತ್ತಿದ್ದಳು. "ನಿನ್ನ ಮೂಗೇ ಸೀದಿದೆ ಕಣೇ" ಅಂತ ನಾನು ನಗುತ್ತಿದ್ದೆ. ತಲೆಯೊಳಗೆ ಗಡ್ಡೆ ಅಂತ ಗೊತ್ತಾಗುವ ಹೊತ್ತಿಗೆ ಕೈ ಮೀರಿತ್ತು.

ಪದ್ಯದ ಪುಸ್ತಕ ತೆರೆದೆ. ಒಂದೇ ಸಾಲಿನಲ್ಲಿ ಕಣ್ಣು ಸುತ್ತುತ್ತಿದೆ. ಮುಚ್ಚಿಟ್ಟೆ.

ಮಾರ್ಚ್ ೮, ಸಂಜೆ

ಮೂರು ದಿನದಿಂದ ಒಂದೇ ಕೆಟ್ಟ ಆಸೆ — ಬೀರು ನಿಜಕ್ಕೂ ಸೀದಿರಲಿ. ಬಾರ್ಲಿ ಮಾಲ್ಟ್ ಹುರಿಯುವಾಗ ಕರಕಲಾಗಿರಲಿ. ಆಗ ನನ್ನ ತಲೆ ಕ್ಷೇಮ.

ಇವತ್ತು ಮತ್ತೆ ಕೂತೆವು. ಬಣ್ಣ ಕಾಣದಿರಲೆಂದು ಕಪ್ಪು ಲೋಟಗಳು. ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಬಾಯಿ ಬಿಡಬಾರದು. ಈ ನಿಯಮ ಕಲಿಸಿದವಳೇ ನಾನು. ಲೋಟ ಮೂಗಿನ ಹತ್ತಿರ ತಂದೆ. ಬಾಯಿ ಜಾರಿತು — "ಸೀದಿದೆ!"

ಲ್ಯಾಬಿನ ಹುಡುಗಿ ಮತ್ತೊಮ್ಮೆ ಮೂಸಿದಳು. "ಹೌದು ಮೇಡಂ... ಈಗ ಗೊತ್ತಾಗ್ತಿದೆ."

ಮ್ಯಾನೇಜರ್: "ಗಂಟಲಲ್ಲೇ ಕೂತ್ಬಿಡುತ್ತೆ ರೀ."

ತಾತ ಕೊನೆಗೆ, ಸಣ್ಣ ದನಿಯಲ್ಲಿ: "ನಿಮ್ಮ ಮೂಗು ಸುಳ್ಳು ಹೇಳಲ್ಲ. ಸೋಮವಾರ ಚೆಲ್ಲಿಬಿಡ್ತೀನಿ."

ಅವನ ಮುಖ ನೋಡಲಿಲ್ಲ. ಒಳಗೊಳಗೇ ಕುಣಿಯುತ್ತಿದ್ದೆ. ಒಂದು ಬಾಟಲಿ ಮನೆಗೂ ತಂದೆ.

ಮಾರ್ಚ್ ೧೦, ಭಾನುವಾರ

ಸ್ನಾನ ಮಾಡುತ್ತಿದ್ದಾಗ ಹೊಳೆಯಿತು. ನಾನು ಬಾಯಿ ಬಿಡುವ ಮೊದಲು ಯಾರಿಗೂ ಏನೂ ಬಂದಿರಲಿಲ್ಲ. ಅವರು ಬೀರು ಮೂಸಲಿಲ್ಲ, ನನ್ನ ಮಾತು ಮೂಸಿದರು.

ಇವರಿಗೆ ಎಲ್ಲ ಹೇಳಿದೆ. ಮೂರು ಲೋಟದಲ್ಲಿ ಹಾಕಿಕೊಡಿ, ಯಾವುದರಲ್ಲಿ ಏನಿದೆ ಹೇಳಬೇಡಿ, ಕಣ್ಣು ಮುಚ್ಚಿ ಮೂಸುತ್ತೇನೆ ಅಂದೆ.

"ಹೆಂಡತಿಗೆ ಬೀರು ಬಗ್ಗಿಸಿ ಕೊಡೋ ಗಂಡ ಎಷ್ಟು ಜನಕ್ಕೆ ಸಿಗ್ತಾನೆ, ಹೇಳು." ನಗಿಸಲು ನೋಡಿದರು. ಆಮೇಲೆ ಮೂರೂ ಲೋಟ ನನ್ನ ಮುಂದಿಟ್ಟರು.

ಮೊದಲನೆಯದು — ಸೀದಿದೆ. ಎರಡನೆಯದು — ಸೀದಿದೆ. ಮೂರನೆಯದೂ.

"ಯಾವುದು ಜಾಸ್ತಿ?"

"ಎಲ್ಲ ಒಂದೇ ಸಮ."

ಕಣ್ಣು ಬಿಟ್ಟರೆ, ಇವರು ನಡುವಿನ ಲೋಟ ತಾವೇ ಮೂಸುತ್ತಿದ್ದರು.

"ನಡುವಿನದು ಬರೀ ನೀರು ಕಣೇ."

ಡಾಕ್ಟರಿಗೆ ಫೋನ್ ಮಾಡಲು ಹೊರಟರು. ಮೊದಲು ತಾತನಿಗೆ ಅಂದೆ. ನಾಳೆಯೇ ಸೋಮವಾರ.

"ಚೆಲ್ಲಬೇಡ ಕಣೋ. ಸೀದಿರೋದು ನಿನ್ನ ಬೀರಲ್ಲ."

"ಮತ್ತೇನು ಮೇಡಂ?"

ಅಕ್ಕನ ವಿಷಯದಿಂದ ಶುರು ಮಾಡಿದೆ. ಮುಗಿಸಲು ಆಗಲಿಲ್ಲ. ಇವರು ಫೋನ್ ತೆಗೆದುಕೊಂಡರು.

ಮಾರ್ಚ್ ೧೪, ಸ್ಕ್ಯಾನಿಂಗ್ ಸೆಂಟರ್

ಓಲೆ, ಉಂಗುರ ಇವರ ಜೇಬಿನಲ್ಲಿ. ಹಾಕಿಕೊಳ್ಳಲು ಕೊಟ್ಟ ಗೌನು ದೊಗಳೆ. ಬೆಂಚು ತಣ್ಣಗಿದೆ. ಸುಮ್ಮನೆ ಕೂತರೆ ಅಕ್ಕ ನೆನಪಾಗುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ.

ತಾತ ಬಂದ. ಕೆಲಸದ ಬೂಟಿನಲ್ಲೇ, ನೆಲವೆಲ್ಲ ಒದ್ದೆ. ನರ್ಸ್ ಬೈದರು.

"ಬೀರನ್ನ ಹೊರಗಿನವರ ಹತ್ರ ರುಚಿ ನೋಡಿಸಿದೆ ಮೇಡಂ. ಯಾರಿಗೂ ಏನೂ ಹೇಳದೆ."

"ಏನಂದ್ರು?"

ತಲೆ ತಗ್ಗಿಸಿದ. "ಚೆನ್ನಾಗಿದೆಯಂತೆ." ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ. "ಕೆಟ್ಟಿದೆ ಅನ್ಲಿ ಅಂತ ಬೇಡ್ಕೊಂಡಿದ್ದೆ."

ಇವರು ಕಿಟಕಿಯ ಕಡೆ ತಿರುಗಿದರು.

"ಹೇಗಿದೆ, ಹೇಳು. ಬರ್ಕೋತೀನಿ."

ತಾತ ಮಾತಿನವನಲ್ಲ. ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದ. ಅವನು ಹೇಳಿದ ಹಾಗೇ ಬರೆಯುತ್ತಿದ್ದೇನೆ — ನೋಡೋಕೆ ಕಪ್ಪು, ಬಾಯಲ್ಲಿ ಹಗುರ. ಮೊದಲು ಒಂಚೂರು ಸಿಹಿ. ನಿಲ್ಲಲ್ಲ, ಜಾರಿ ಹೋಗುತ್ತೆ. ಆಮೇಲೆ... ಒಳಗಿಂದ ನನ್ನ ಹೆಸರು ಕರೆದರು. ಇವರು ಕೈ ಚಾಚಿದ್ದಾರೆ. ಬೇಗ ಹೇಳೋ, ಆಮೇಲೆ —