ಬುಖಾರೆಸ್ಟಿನ ಬೈಂಡು

ಬೆಸ್ಟ್, ಸೆಪ್ಟೆಂಬರ್ ೨೦೨೧

ಅಬ್ಬಾ,

ಕೊರೋನಾದಲ್ಲಿ ನೀವು ತೀರಿಕೊಂಡಾಗ ವಿಮಾನ ಬಂದ್, ನಾನೀ ಡಚ್ ಊರಲ್ಲಿ ಬಂದಿ. ಕೈಲಿದ್ದದ್ದು ಈ ಪ್ರಾಸವೊಂದೇ. ನಿಮ್ಮ ಟ್ರಂಕಿನ ಕಾಗದಗಳನ್ನು ತಮ್ಮ ಅಬ್ರಾರ್ ದಾವಣಗೆರೆಯಿಂದ ಕಳಿಸಿದ್ದ, ಇವತ್ತು ಬಂದವು.

ಮೇಲೆಯೇ ಇತ್ತು, ನನ್ನ ಚರಿತ್ರೆಯ ನೋಟ್‌ಬುಕ್ಕಿಗೆ ನೀವು ಹಾಕಿದ್ದ ಬೈಂಡು. ಹಳೆಯ ವಿದೇಶಿ ಪತ್ರಿಕೆಯ ಮಿರುಗುವ ಹಾಳೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬುಖಾರೆಸ್ಟಿನಲ್ಲಿ ಹೊಸ ಸಂಸತ್ತು ತೆರೆದ ದಿನದ ಚಿತ್ರ. "ಸರ್ಕಾರ ಕಮ್ಯುನಿಸ್ಟರದು, ಭಾಷಣ ರಾಜಂದು! ಹೆಂಗೈತಿ ಬೇಟಿ?" ಎಂದು ಮಿಲ್ಲಿನ ಯೂನಿಯನ್ ಲೀಡರಾದ ನೀವು ನಕ್ಕಿದ್ದಿರಿ. ಗೆಳತಿಯರದೆಲ್ಲ ಖಾಕಿ ಬೈಂಡು. ನಾನು ನಾಚಿಕೊಂಡು, ನಿಮ್ಮೆದುರೇ ಅದನ್ನು ಕಿತ್ತೆಸೆದೆ. ನೀವು ಬಗ್ಗಿ ಎತ್ತಿಕೊಂಡಿರಿ.

ಇಲ್ಲಿನ ಶಾಲೆಯಲ್ಲೂ ಪುಸ್ತಕಕ್ಕೆ ಬೈಂಡು ಹಾಕಲೇಬೇಕು. ನನ್ನ ಮಗಳು ರಿಮ್ಷಾ ಹಾಳೆಯನ್ನು ಎತ್ತಿಕೊಂಡಳು.

"ಮಮ್ಮಿ, ಎಷ್ಟು ಕೂಲ್ ಆಗಿದೆ! ನನ್ನ ಹಿಸ್ಟರಿ ಬುಕ್‌ಗೆ ಹಾಕ್ಲಾ? ಈ ಲೇಬಲ್ ಕಿತ್ತಾಕ್ತೀನಿ."

ಲೇಬಲ್ಲಿನ ಮೇಲೆ ನಿಮ್ಮ ದುಂಡು ಅಕ್ಷರ: ಖುರ್ಷಿದಾ, ಹತ್ತನೇ ತರಗತಿ.

"ಅದೊಂದು ಇರ್ಲಿ ಬಿಡೇ" ಎಂದೆ.

ಹಾಳೆ ನಿಮ್ಮ ಹಳೆಯ ಮಡಿಕೆಗಳಲ್ಲೇ ಮಡಚಿಕೊಂಡಿತು. ಅಂದು ನಾನು ಹರಿದಿದ್ದ ಮೂಲೆಗೆ ಟೇಪು ಹಚ್ಚೋಣವೆಂದು ತಿರುಗಿಸಿ ನೋಡಿದೆ.

ನೀವು ಆಗಲೇ ಹಚ್ಚಿದ್ದಿರಿ.