ಕರಡಿತಿರುವಿನ ಹಳಿ

ಫೆಬ್ರವರಿ 19, ಗುರುವಾರ

ಪ್ರೀತಿಯ ಇರ್ಮೆಲಿ ಚಿಕ್ಕಮ್ಮ,

ಕರಡಿತಿರುವಿನಲ್ಲಿ ನೀನು ಬಿದ್ದದ್ದು ವಯಸ್ಸಾಗಿ ಅಲ್ಲ, ನನ್ನಿಂದ. ಎರಡು ಚಳಿಗಾಲ ಮುಚ್ಚಿಟ್ಟ ಮಾತು. ಕ್ಷೇಮ ಕೇಳಿ ಆಮೇಲೆ ಬರೆಯೋಣವೆಂದರೆ ಮತ್ತೆ ನುಂಗಿಬಿಡುತ್ತೇನೆ, ಅದಕ್ಕೇ ಮೊದಲು ಬರೆದೆ. ಈಗ ಕೇಳುತ್ತೇನೆ: ಸೊಂಟ ಹೇಗಿದೆ? ಔಲು ನಗರದ ಆ ಲಿಫ್ಟಿನ ಮನೆ ಒಗ್ಗಿತೇ? ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಪುರುಸೊತ್ತಿಲ್ಲದೆ ಅಲ್ಲ, ಮುಖವಿಲ್ಲದೆ.

ನೀನು ಬಿದ್ದ ಹಿಂದಿನ ದಿನ, ಶನಿವಾರ ಸಂಜೆ, ಸ್ಕೀ ಪಾರ್ಕಿನ ಹಾದಿ ಹದಮಾಡುವ ಪಾಳಿ ನನ್ನದು. ನಾನು ಓದು ನಿಲ್ಲಿಸಿ ಶಾಲೆ ಬಿಟ್ಟು ಎರಡು ತಿಂಗಳಾಗಿತ್ತು. ಹಿಮಗಾಡಿಯ ಕೀಲಿ ಕೈಗೆ ಬಂದದ್ದೇ ರಾಜ್ಯ ಸಿಕ್ಕಷ್ಟು ಸೊಕ್ಕು. ಗಾಡಿಯ ಹಿಂದಿನ ಅಚ್ಚು ಸ್ಕೀ ಕೂರಲು ಜೋಡಿ ಹಳಿ ಕೊರೆಯುತ್ತದೆ. ಇಳಿಜಾರಿನ ತಿರುವಿನಲ್ಲಿ ಅಚ್ಚು ಎತ್ತಿ ಹಿಮವನ್ನು ಸಪಾಟಾಗಿ ಬಿಡಬೇಕು. ಇಲ್ಲದಿದ್ದರೆ ಹಳಿಗೆ ಸಿಕ್ಕ ಕಾಲು ತಿರುಗುವುದೂ ಇಲ್ಲ, ನಿಲ್ಲುವುದೂ ಇಲ್ಲ; ನೇರ ಮರಕ್ಕೆ. ಇದನ್ನು ನನಗೆ ಹೇಳಿಕೊಟ್ಟವಳೇ ನೀನು, ಈ ಊರಿಗೆಲ್ಲ ಸ್ಕೀ ಕಲಿಸಿದವಳು. ಅವತ್ತು ನನಗೆ ಐಸ್ ಹಾಕಿ ಪಂದ್ಯ ನೋಡುವ ಆತುರ. ಅಚ್ಚು ಎತ್ತಲಿಲ್ಲ. ಬೆಳಗಾಗುವಷ್ಟರಲ್ಲಿ ಚಳಿ ಶೂನ್ಯಕ್ಕಿಂತ ಹದಿನಾಲ್ಕು ಡಿಗ್ರಿ ಕೆಳಗಿಳಿದು ಹಳಿ ಕಬ್ಬಿಣವಾಗಿತ್ತು. ಹಾದಿಗೆ ಎಲ್ಲರಿಗಿಂತ ಮೊದಲು ಇಳಿಯುವವಳು ನೀನು.

ನಿನ್ನನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ಮೇಲ್ವಿಚಾರಕ ರೌನೊ ಹಳಿ ನೋಡಿದ, ನನ್ನನ್ನು ನೋಡಿದ. "ಇನ್ನೊಂದು ಸಲ ಗಾಡಿ ಓಡ್ಸಿ ಅಳಿಸ್ಬಿಡು. ಅರವತ್ತು ದಾಟಿದೋಳು ಬಿದ್ರೆ ಯಾಕೆ ಅಂತ ಯಾರೂ ಕೇಳಲ್ಲ" ಎಂದ. ಅಳಿಸಿದೆ. ಯಾರೂ ಕೇಳಲಿಲ್ಲ. ಕಾಫಿ ಗುಡಿಸಲಲ್ಲಿ ಮಾತ್ರ ಊರವರು, "ಇರ್ಮೆಲಿ ಟೀಚರಿಗೂ ಕಾಲು ಸೋತ್ವಪ್ಪ" ಎಂದು ನಕ್ಕರು. ಅವರ ಜೊತೆ ಕೂತು ನಾನೂ ಕಾಫಿ ಕುಡಿದೆ.

ಮಂಗಳವಾರ ಇಲ್ಲಿ ಮಳೆ, ನಿನ್ನೆ ಅದೆಲ್ಲ ಹೆಪ್ಪುಗಟ್ಟಿತು. ಇವತ್ತು ಶಾಲೆಯವರ ಸ್ಕೀ ದಿನ. ಬೆಳಿಗ್ಗೆ ಹಾದಿಯ ಸ್ಥಿತಿ ತಿಳಿಸುವ ಬೋರ್ಡಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದೆ: "ಹಾದಿಯೆಲ್ಲ ಗಾಜು. ಕರಡಿತಿರುವು ಮುಚ್ಚಿದೆ." ರೌನೊ ಬಂದು ತೋಳಿನಲ್ಲಿ ಒರೆಸಿ, "ಸ್ಥಿತಿ: ಒಳ್ಳೆಯದು" ಎಂದು ಬರೆದ.

"ಒಳ್ಳೇದಾ? ಮೊದ್ಲು ನಿಮ್ಮ ಮೊಮ್ಮಗಳನ್ನ ಇಳಿಸಿ, ನೋಡೋಣ" ಅಂದೆ.

"ಮುನ್ನೂರು ಮಕ್ಳು ದಾರೀಲಿದಾರೆ. ಈಗ ಮುಚ್ಚಿದೆ ಅಂದ್ರೆ ಪುರಸಭೆಯೋರು ನನ್ನ ಚರ್ಮ ಸುಲೀತಾರೆ. ಶಾಲೆ ಬಿಟ್ಟೋಳಿಗೆ ಬೋರ್ಡ್ ಮೇಲೆ ಬರೆಯೋ ಆಸೆ ಈಗ ಹುಟ್ತಾ?"

"ಸುಳ್ಳು ಬರೆಯೋಕೆ ಎಷ್ಟನೇ ಕ್ಲಾಸ್ ಪಾಸಾಗ್ಬೇಕು, ರೌನೋರೇ?"

"ಬಾಯಿ ಮುಚ್ಕೊಂಡಿರು. ಎರಡು ವರ್ಷದಿಂದ ಮುಚ್ಕೊಂಡಿಲ್ವಾ?"

ಚಿಕ್ಕಮ್ಮ, ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ನಿಜ ಹೇಳಿದ್ದನಲ್ಲ! ಗಾಡಿ ಹತ್ತಿದೆ. ಕರಡಿತಿರುವಿನ ತಲೆಯಲ್ಲಿ ಅಡ್ಡ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಸೀಟಿನ ಮೇಲೆ ಕೂತೆ. ಮಕ್ಕಳು ಸಾಲಾಗಿ ಬಂದರು. ಜೊತೆಗಿದ್ದ ಶಾಲೆಯ ಮೇಡಂ, "ಏನಮ್ಮ ತೈಮಿ ಇದು?" ಎಂದರು. ಎಲ್ಲ ಹೇಳಿದೆ. ಅಚ್ಚು ಎತ್ತದಿದ್ದದ್ದು, ಅಳಿಸಿದ್ದು, ಅಳಿಸು ಎಂದವನು ಯಾರು ಎಂಬುದು. ಕೂಗಿಯೇ ಹೇಳಿದೆ. ರೌನೊ ಅಲ್ಲೇ ಇದ್ದ, ಕಾಫಿ ಲೋಟ ಹಿಡಿದು. ಒಂಬತ್ತು ವರ್ಷದ ಹುಡುಗಿಯೊಬ್ಬಳು, "ಅಕ್ಕ, ಹಾಗಾದ್ರೆ ಟೀಚರ್ ವಾಪಸ್ ಬರ್ತಾರಾ?" ಎಂದಳು.

ಮೇಡಂ ಮಕ್ಕಳನ್ನು ಕೆಳಗಿನ ಬಯಲಿಗೆ ತಿರುಗಿಸಿಕೊಂಡು ಹೋದರು. "ಕೀಲಿ ಕೊಟ್ಟು ತೊಲಗು" ಎಂದ ರೌನೊ. ಅವನ ಕಾಫಿಯೊಳಗೆ ಹಾಕಿದೆ.

ಕೆಲಸ ಹೋದದ್ದಕ್ಕೆ ಸಿಟ್ಟಿಲ್ಲ. ಆ "ಒಳ್ಳೆಯದು" ಎಂಬ ಮಾತಿನ ಮೇಲೆ ಸಿಟ್ಟು, ನಿನ್ನ ಕೈಹಿಡಿದು ಕಲಿತು ನಿನ್ನನ್ನೇ ನೋಡಿ ನಕ್ಕವರ ಮೇಲೆ ಸಿಟ್ಟು. ಅವರಲ್ಲಿ ಮೊದಲನೆಯವಳು ನಾನು. ನಿನಗಿಂತ ಮುಂಚೆ ಊರಿಗೆ ಹೇಳಿದ್ದಕ್ಕೆ ಕ್ಷಮಿಸು. ಉಳಿದದ್ದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ.

ನಿನ್ನ ಸೊಂಟಕ್ಕೆ ಬಲ ಬರಲಿ. ನೀನು ಕಾಲಿಟ್ಟ ಕಡೆ ಹಿಮ ಹದವಾಗಿರಲಿ.

ನಿನ್ನ
ತೈಮಿ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಲಿಲ್ಲ. ಆಸ್ಪತ್ರೆಯಲ್ಲಿ ನೀನು ನನ್ನ ಕೈ ಹಿಡಿದು, "ತೈಮಿ, ತಿರುವಲ್ಲಿ ಹಳಿ ಇತ್ತು ಕಣೇ, ನನ್ನ ಕಾಲು ಬಿಡಲೇ ಇಲ್ಲ" ಎಂದೆ. "ಇಲ್ಲ ಚಿಕ್ಕಮ್ಮ, ಸಪಾಟಾಗಿತ್ತು, ನಾನೇ ನೋಡಿದೆ" ಎಂದೆ ನಾನು. ನೀನು ನನ್ನ ಕೈ ಬಿಟ್ಟೆ. ಆಮೇಲೆ, "ಹಾಗಾದ್ರೆ ನನಗೇ ವಯಸ್ಸಾಯ್ತು. ನನ್ನ ಸ್ಕೀ ನೀನೇ ಇಟ್ಕೋ ಮಗು" ಎಂದೆ. ಅವನ್ನು ಒಮ್ಮೆಯೂ ಕಾಲಿಗೆ ಹಾಕಿಲ್ಲ. ತಳದ ಹಳೆಯ ಮೇಣ ಕೆರೆದು, ಹೊಸದು ತಿಕ್ಕಿ, ಇವತ್ತು ನಿನ್ನ ಹೆಸರಿಗೆ ಬಸ್ಸಿನ ಪಾರ್ಸೆಲ್ಲಿಗೆ ಹಾಕಿದ್ದೇನೆ. ಹಳಿ ಇತ್ತು, ಚಿಕ್ಕಮ್ಮ. ನಾಳೆ ಬೆಳಿಗ್ಗೆ ಆರೂವರೆ ಬಸ್ಸಿಗೆ ನಾನು ಊರು ಬಿಡುತ್ತೇನೆ, ನಿನ್ನ ಕಡೆಗಲ್ಲ; ನಿನ್ನೆದುರು ನಿಲ್ಲುವ ಮುಖ ಇನ್ನೂ ಇಲ್ಲ.